ರಣಬೀರ್ ಕಲೇಕಾ ಅವರ ಚಿತ್ರದೊಳಗಿನ ಮನುಷ್ಯ ಅಲುಗಾಡುವುದು ಹೇಗೆ? ಅದರ ಅರ್ಥವೇನು?

ಅಲ್ಲಿ ಚಿತ್ರದ ಮೇಲೆ ವಿಡಿಯೊ ಬೀಳುತ್ತಿರುತ್ತದೆ. ಪಟಿಯಾಲದಲ್ಲಿ 1953ರಲ್ಲಿ ಹುಟ್ಟಿದ ಕಲೇಕಾ ಮೂಲತಃ ಚಿತ್ರಕಾರರು. ಕ್ಯಾನ್ವಾಸ್ ಮೇಲೆ ಎಣ್ಣೆಬಣ್ಣದಲ್ಲಿ ಬಿಡಿಸಿದ ಚಿತ್ರದ ಮೇಲೇ, ಅದಕ್ಕೆ ಸರಿಯಾಗಿ ಕೂಡುವಂತೆ ಪ್ರೊಜೆಕ್ಟರ್‌ನಿಂದ ವಿಡಿಯೊ ಬಿಡುತ್ತಾರೆ.

1998–99ರ ಒಂದು ಕೃತಿಯನ್ನೇ ನೋಡಿ. ಒಬ್ಬ ಮನುಷ್ಯ ಸೂಜಿಗೆ ದಾರ ಪೋಣಿಸುತ್ತಿದ್ದಾನೆ. ಅಷ್ಟೇ. ಕಣ್ಣು ಸೂಜಿಯಲ್ಲೇ ನೆಟ್ಟಿದೆ. ಬಣ್ಣ ಎಲ್ಲಿ ಮುಗೀತು, ಬೆಳಕು ಎಲ್ಲಿ ಶುರುವಾಯ್ತು ಅಂತ ಗೊತ್ತಾಗುವುದಿಲ್ಲ. ಬರೀ ವಿಡಿಯೊ ಆಗಿದ್ದರೆ ಇಷ್ಟು ಕಾಡುತ್ತಿರಲಿಲ್ಲ. ಕೆಳಗೆ ಬಣ್ಣದ ಮೈ ಇರುವುದರಿಂದಲೇ ಆ ಬೆಳಕಿಗೆ ಜೀವ ಬಂದಿದೆ.

ಇನ್ನು ಅರ್ಥ. ಒಂದೇ ಅರ್ಥ ಹುಡುಕಬೇಡಿ, ಸುಮ್ನೆ ಸ್ವಲ್ಪ ಹೊತ್ತು ನೋಡಿ. ದಾರ ಪೋಣಿಸುವಾಗ ನಾವೂ ಉಸಿರು ಬಿಗಿಹಿಡಿಯುತ್ತೇವೆ ಅಲ್ವಾ? ನನಗೆ ಅಲ್ಲಿ ಕಾಣುವುದು ಆ ಬಿಗಿಹಿಡಿದ ಉಸಿರು.