ಕ್ರೂಗೆ ಬರೋದಾ ಬೇಡ್ವಾ ಅಂತ ಕೇಳಿದ್ಯಲ್ಲ

ಅಣ್ಣ ಅಂತ ಕರ್ದಿದೀಯ, ಅದಕ್ಕೆ ನೀನು ಅಂತಲೇ ಬರೀತೀನಿ. ಇಂಗ್ಲೆಂಡಲ್ಲಿ ನಾನಿರೋ ಕ್ರೂ ಊರಿನ ಹತ್ರ ಒಂದು ಕಾರ್ ಪಾರ್ಟ್ಸ್ ಕಂಪನಿಲಿ ಆಫರ್ ಬಂದಿದೆ, ಇಲ್ಲಿ ದುಬಾರಿ ಕಾರು ಮಾಡೋ ಬೆಂಟ್ಲಿಯವ್ರು 12 ಸಿಲಿಂಡರಿನ ಡಬ್ಲ್ಯೂ12 ಇಂಜಿನ್ನೇ ನಿಲ್ಸಿದ್ರಂತೆ, ಇಂಥ ಟೈಮಲ್ಲಿ ಹೆಂಡ್ತಿ ಮಗು ಕರ್ಕೊಂಡು ಬರ್ಬಹುದಾ ಅಂತ ಕೇಳಿದೀಯ.

ಬಾ ಅಂತಲೇ ಹೇಳ್ತೀನಿ. ಇಂಜಿನ್ ನಿಂತಿದ್ದು ನಿಜ, 2024ರ ಜುಲೈನಲ್ಲಿ. ಆದ್ರೆ ಇಲ್ಲಿನ ಬೆಂಟ್ಲಿ ಫ್ಯಾಕ್ಟರಿ ಎಷ್ಟು ಸಲ ಕಸುಬು ಬದಲಾಯಿಸಿದೆ ನೋಡು, 1938ರಲ್ಲಿ ಕಟ್ಟಿದ್ದೇ ವಿಮಾನದ ಮರ್ಲಿನ್ ಇಂಜಿನ್ ಮಾಡೋಕೆ, ಬ್ರಿಟನ್ನಿನ ಯುದ್ಧವಿಮಾನ ಸ್ಪಿಟ್‌ಫೈರ್ ಹಾರಿದ್ದು ಅದ್ರಲ್ಲೇ, ಎರಡನೇ ಮಹಾಯುದ್ಧ ಮುಗಿದ್ಮೇಲೆ 1946ರಿಂದ ಕಾರು. 1952ರಲ್ಲಿ ಆರ್ ಟೈಪ್ ಕಾಂಟಿನೆಂಟಲ್ ಬಂತು, ನಾಲ್ಕು ಜನ ಆರಾಮಾಗಿ ಕೂತು ಯುರೋಪ್ ಪೂರ್ತಿ ಸ್ಪೀಡಾಗಿ ಸುತ್ತೋ ಕಾರು, ಮಾಡಿದ್ದು ಬರೀ 208. ಕಾಂಟಿನೆಂಟಲ್ ಅನ್ನೋ ಹೆಸ್ರನ್ನೇ ಇವತ್ತಿಗೂ ಇಟ್ಕೊಂಡಿದಾರೆ.

1998ರಲ್ಲಿ ಫೋಕ್ಸ್‌ವ್ಯಾಗನ್ ಬೆಂಟ್ಲಿನ ಕೊಂಡ್ಕೊಂಡಾಗ ಜರ್ಮನಿಯವ್ರು ಬಂದು ಎಲ್ಲ ಹಾಳ್ಮಾಡ್ತಾರೆ ಅಂತ ಊರಲ್ಲಿ ಭಯ ಇತ್ತಂತೆ, ಹಳಬ್ರು ಈಗ್ಲೂ ಹೇಳ್ತಾರೆ. ಆಗಿದ್ದು ಉಲ್ಟಾ. 2003ರಲ್ಲಿ ಕಾಂಟಿನೆಂಟಲ್ ಜಿಟಿ ಬಂತು, ಪ್ಲಾಟ್‌ಫಾರ್ಮ್, ಅಂದ್ರೆ ಕಾರಿನ ಅಡಿಪಾಯ, ಫೋಕ್ಸ್‌ವ್ಯಾಗನ್ನಿನ ಫೇಟನ್ ಕಾರಿಂದು, 6 ಲೀಟರ್ ಡಬ್ಲ್ಯೂ12, ಎರಡು ಟರ್ಬೊ. ಆರಾರು ಸಿಲಿಂಡರಿನ ಎರಡು ಕಿರಿದಾದ ಬ್ಲಾಕ್ ಪಕ್ಕಪಕ್ಕ ಇಟ್ಟಿರೋದ್ರಿಂದ ಇಂಜಿನ್ ಗಿಡ್ಡ, ಹಾಗಾಗಿ ಆಲ್ ವೀಲ್ ಡ್ರೈವ್ ಜೊತೆ ಬಾನೆಟ್ ಒಳಗೆ ಹಿಡೀತು. ಅದಕ್ಕೆ ಮುಂಚೆ ಬೆಂಟ್ಲಿ ಹೆಸ್ರಲ್ಲಿ ವರ್ಷಕ್ಕೆ ಎರಡು ಸಾವಿರ ಕಾರೂ ದಾಟ್ತಿರ್ಲಿಲ್ಲ, ಈ ಒಂದು ಕಾರೇ ಊರನ್ನ ಉಳಿಸ್ತು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಈಗಿನ ನಾಲ್ಕನೇ ತಲೆಮಾರಿನ ಜಿಟಿಲಿ 4 ಲೀಟರ್ ವಿ8 ಜೊತೆ ಎಲೆಕ್ಟ್ರಿಕ್ ಮೋಟರು, 25.9 ಕಿಲೋವ್ಯಾಟ್ ಅವರ್ ಬ್ಯಾಟರಿ. ಅದಕ್ಕೆ ಹೇಳೋದು, ಬರೋಕೆ ಮುಂಚೆ ಹೈ ವೋಲ್ಟೇಜ್ ಸೇಫ್ಟಿ, ವೈರಿಂಗ್ ಹಾರ್ನೆಸ್ (ಕಾರಿನ ವೈರುಗಳ ಕಟ್ಟು) ಬಗ್ಗೆ ಒಂದಷ್ಟು ಕಲ್ತ್ಕೊ, ಬರೀ ಇಂಜಿನ್ ನಂಬ್ಕೊಂಡು ಬರ್ಬೇಡ. ಚಾನ್ಸ್ ಸಿಕ್ರೆ ಬೆಂಟ್ಲಿ ಫ್ಯಾಕ್ಟರಿ ಒಳಗೆ ಹೋಗಿ ಲೆದರ್ ಕೆಲಸ ನೋಡು. ಸ್ಟಿಯರಿಂಗ್ ಹೊಲಿಯೋರು ಊಟದ ಫೋರ್ಕ್ ತಗೊಂಡು ಅದ್ರ ಹಲ್ಲನ್ನ ಚರ್ಮದ ಮೇಲೆ ಒತ್ತಿ ಹೊಲಿಗೆ ಗುರುತು ಹಾಕ್ತಾರೆ, ಆಮೇಲೆ ಎರಡು ಸೂಜಿ ಹಿಡ್ದು ಕೈಯಲ್ಲೇ ಗಂಟೆಗಟ್ಲೆ ಹೊಲೀತಾರೆ. ಚರ್ಮ ಹೋರಿದು, ಹಸುದಲ್ಲ, ಹಸು ಗಬ್ಬ ಆದಾಗ ಚರ್ಮ ಹಿಗ್ಗಿ ಗೆರೆ ಬೀಳತ್ತಂತೆ. ಅಷ್ಟು ತಾಳ್ಮೆಯಿಂದ ಕೆಲಸ ಮಾಡೋರ ಮಧ್ಯೆ ಬದುಕೋದು ನಂಗೆ ತುಂಬಾ ಇಷ್ಟ ಆಗಿದೆ.

ಉಳಿದಿದ್ದು ಬೇಗ ಹೇಳ್ತೀನಿ. ಡಿಸೆಂಬರಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು, ಮೊದಲ್ನೇ ಚಳಿಗಾಲ ಹೆಂಡ್ತಿಗೆ ಕಷ್ಟ ಆಗ್ಬಹುದು, ಮನೇಲೇ ಒಬ್ಬಳನ್ನೇ ಬಿಡ್ಬೇಡ. ರಾಗಿ ಹಿಟ್ಟು, ಹುಣಸೆಹಣ್ಣು ಮ್ಯಾಂಚೆಸ್ಟರಲ್ಲಿ ಸಿಗತ್ತೆ, ಟ್ರೈನಲ್ಲಿ ಮುಕ್ಕಾಲು ಗಂಟೆ. ಇಂಡಿಯಾ ಲೈಸೆನ್ಸಲ್ಲಿ 12 ತಿಂಗಳು ಓಡಿಸ್ಬಹುದು, ಆಮೇಲೆ ಇಲ್ಲಿನ ಥಿಯರಿ, ಪ್ರಾಕ್ಟಿಕಲ್ ಎರಡೂ ಪಾಸಾಗ್ಬೇಕು, ಟೆಸ್ಟ್ ಡೇಟ್ ಸಿಗೋದೇ ಕಷ್ಟ, ಬಂದ ತಿಂಗಳೇ ಪ್ರಾವಿಷನಲ್ (ಕಲಿಯೋರಿಗೆ ಕೊಡೋ) ಲೈಸೆನ್ಸಿಗೆ ಅರ್ಜಿ ಹಾಕು. ಆಫರ್ ಲೆಟರಲ್ಲಿ ವೀಸಾ ಸ್ಪಾನ್ಸರ್ ಮಾಡ್ತೀವಿ ಅಂತ ಸ್ಪಷ್ಟವಾಗಿ ಬರ್ದಿದಾರಾ ನೋಡ್ಕೊಂಡು ನಂಗೆ ಹೇಳು.