‘ನಾಲ್ಕೂವರೆ’ ಸೊಮಾಲಿಯಾದ ಸಂಪ್ರದಾಯ ಅಲ್ಲ

ಸೊಮಾಲಿಯಾದ ಸಂಸತ್ತಿನ ಬಗ್ಗೆ ಬರೆದಾಗಲೆಲ್ಲ ಅವೇ ನಾಲ್ಕೈದು ಪ್ರಶ್ನೆಗಳು ತಿರುಗಿ ಬರುತ್ತವೆ. ಈ ಸಲ ಒಂದಕ್ಕೆ ಪೂರ್ತಿ ಉತ್ತರ ಕೊಡುತ್ತೇನೆ. ಉಳಿದವಕ್ಕೆ ಒಂದೆರಡು ಸಾಲು ಸಾಕು.

ಪ್ರಶ್ನೆ: ಸೊಮಾಲಿಯಾದ ಕೆಳಮನೆಯಲ್ಲಿ ‘ನಾಲ್ಕೂವರೆ’ ಲೆಕ್ಕದಲ್ಲಿ ಕುಲಗಳಿಗೆ ಸೀಟು ಹಂಚುತ್ತಾರಂತೆ. ಇದು ಅವರ ಹಳೆಯ ಸಂಪ್ರದಾಯವೇ? ಜನರೇ ಮತ ಹಾಕದ ಮನೆಯನ್ನು ಸಂಸತ್ತು ಅಂತ ಕರೆಯಬಹುದೇ?

ಸಂಪ್ರದಾಯ ಅಲ್ಲ. ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ ನೆನಪಿಲ್ಲ. ಕುಲಗಳು ಹಳೆಯವು, ನಿಜ. ಆದರೆ ಸೀಟು ಹಂಚುವ ಈ ಲೆಕ್ಕ ಗಟ್ಟಿಯಾಗಿದ್ದು 2000ದಲ್ಲಿ, ಪಕ್ಕದ ಜಿಬೂಟಿ ದೇಶದ ಆರ್ಟಾ ಎಂಬ ಊರಲ್ಲಿ ನಡೆದ ಸಂಧಾನದಲ್ಲಿ. 1991ರಲ್ಲಿ ಸೇನಾ ಸರ್ವಾಧಿಕಾರಿ ಸಿಯಾದ್ ಬರ್ರೆಯ ಆಡಳಿತ ಬಿದ್ದಿತ್ತು. ಆಮೇಲೆ ದೇಶ ಬಂದೂಕು ಹಿಡಿದವರ ಪಾಲಾಗಿತ್ತು. ನಂಬುವಂಥ ಜನಗಣತಿ ಇರಲಿಲ್ಲ. ಯಾರ ಕಡೆ ಎಷ್ಟು ಜನ ಅಂತ ಹೇಳುವವರೂ ಇಲ್ಲ, ಹೇಳಿದರೆ ಒಪ್ಪುವವರೂ ಇಲ್ಲ. ಅದಕ್ಕೇ ನಾಲ್ಕು ದೊಡ್ಡ ಕುಲಗಳಿಗೆ ಸಮಪಾಲು ಅಂತ ತೀರ್ಮಾನಿಸಿದರು. ದಾರೋಡ್, ಹಾವಿಯೆ, ದಿರ್, ದಿಗಿಲ್-ಮಿರಿಫ್ಲೆ. ಮಿಕ್ಕವರೆಲ್ಲ ಸೇರಿ ಅರ್ಧ ಪಾಲು. ಇವತ್ತಿನ ಕೆಳಮನೆ, ಅಂದರೆ ಜನಸಭೆಯ 275 ಸೀಟಿಗೆ ಹಾಕಿ ನೋಡಿ: ನಾಲ್ಕು ಕುಲಗಳಿಗೆ 61ರಂತೆ 244, ಉಳಿದವರಿಗೆ 31.

ಆ ‘ಅರ್ಧ’ ಅಂದ್ರೆ ಯಾರು? ಜುಬ್ಬಾ ಮತ್ತು ಶಬೆಲ್ಲೆ ನದಿಗಳ ದಂಡೆಯಲ್ಲಿ ಬೇಸಾಯ ಮಾಡುವ ಬಾಂಟು ಜನ. ಮೊಗದಿಶು, ಬರಾವಾದಂಥ ಹಳೆಯ ಕರಾವಳಿ ಪಟ್ಟಣಗಳ ವ್ಯಾಪಾರಿ ಮನೆತನಗಳು. ಮೀನು ಹಿಡಿಯುವ ಬಜೂನಿಗಳು. ಕಬ್ಬಿಣ, ಚರ್ಮದ ಕೆಲಸ ಮಾಡುತ್ತಾರೆಂದು ದೂರ ಇಟ್ಟ ಜನ. ಅಂತರ್ಯುದ್ಧದಲ್ಲಿ ಹೊಲ, ಮನೆ ಕಳೆದುಕೊಂಡವರಲ್ಲಿ ಇವರೇ ಜಾಸ್ತಿ. ಯಾಕೆಂದರೆ ಇವರ ಹತ್ತಿರ ಬಂದೂಕಿನ ಪಡೆ ಇರಲಿಲ್ಲ. ಮಾತುಕತೆಯಲ್ಲೂ ಇವರಿಗೆ ಅರ್ಧವೇ ಸಿಕ್ಕಿದ್ದು ಅದೇ ಕಾರಣಕ್ಕೆ. ತಲೆ ಎಣಿಸಿ ಕೊಟ್ಟ ಪಾಲಲ್ಲ ಅದು. ಕೆಲವು ವಿಡಿಯೋಗಳಲ್ಲಿ ಇದನ್ನು ‘ಸಾಮಾಜಿಕ ನ್ಯಾಯದ ಸೂತ್ರ’ ಅಂತ ಹೊಗಳುವುದನ್ನು ಕೇಳಿದ್ದೇನೆ. ದಯವಿಟ್ಟು ನಂಬಬೇಡಿ. ಕದನ ನಿಲ್ಲಿಸಲು ಮಾಡಿಕೊಂಡ ಏರ್ಪಾಡು ಅದು. ಆ ಕೆಲಸವನ್ನು ಒಂದು ಮಟ್ಟಿಗೆ ಮಾಡಿದೆ. ಆದರೆ ಒಬ್ಬ ಮನುಷ್ಯನನ್ನು ಅವನ ದೇಶದ ಸಂಸತ್ತೇ ಅರ್ಧ ಅಂತ ಎಣಿಸುವುದು ಎಷ್ಟು ವರ್ಷ ಕಳೆದರೂ ಸರಿಯಾಗುವುದಿಲ್ಲ.

ಇನ್ನು ಆಯ್ಕೆ. 2012ರಲ್ಲಿ ತಾತ್ಕಾಲಿಕ ಸಂವಿಧಾನ ಬಂದಾಗ 135 ಕುಲಹಿರಿಯರು ಕೂತು ಸದಸ್ಯರನ್ನು ಆರಿಸಿದರು. 2016ರಲ್ಲಿ ಸೀಟಿಗೆ 51 ಮತದಾರರನ್ನು ಗೊತ್ತು ಮಾಡಿದರು. ಇಡೀ ದೇಶಕ್ಕೆ 14,025 ಜನ ಆಯಿತು. 2021-22ರಲ್ಲಿ 51 ಹೋಗಿ 101 ಆಯಿತು. ಗ್ರಾಮ ಪಂಚಾಯ್ತಿ ಸದಸ್ಯರು ಮತ ಹಾಕುವ ನಮ್ಮ ವಿಧಾನ ಪರಿಷತ್ ಚುನಾವಣೆ ನೋಡಿದವರಿಗೆ ಇದರ ತೊಂದರೆ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಅಲ್ಲಿ ಸಾವಿರಾರು ಮತದಾರರಾದರೂ ಇರುತ್ತಾರೆ. ಇಲ್ಲಿ 51 ಜನರಲ್ಲಿ 26 ಮಂದಿ ಒಪ್ಪಿದರೆ ಸೀಟು ಕೈಗೆ ಬಂತು. 2016ರ ಆಯ್ಕೆಯಲ್ಲಿ ಒಂದೊಂದು ಮತಕ್ಕೆ 5,000ದಿಂದ 30,000 ಡಾಲರ್ ತನಕ ಕೊಟ್ಟಿದ್ದಾರೆ ಅಂತ ಆ ದೇಶದ ಮಹಾಲೆಕ್ಕಪರಿಶೋಧಕರೇ ಬಹಿರಂಗವಾಗಿ ಹೇಳಿದರು. ಹೆಣ್ಣುಮಕ್ಕಳಿಗೆ 30 ಶೇಕಡ ಸೀಟು ಅಂತ ಮಾತು ಕೊಟ್ಟಿದ್ದರು. 2016ರಲ್ಲಿ ಸುಮಾರು 24 ಶೇಕಡಕ್ಕೆ ಬಂತು, ಮುಂದಿನ ಸಲ 20ರ ಆಸುಪಾಸಿಗೆ ಇಳಿಯಿತು. ಕುಲದ ಒಂದೊಂದು ಕವಲಿಗೆ ಇರುವುದೇ ಒಂದೋ ಎರಡೋ ಸೀಟು ಅಂದಾಗ ಹಿರಿಯರು ಗಂಡಸನ್ನೇ ಮುಂದೆ ಮಾಡುತ್ತಾರೆ.

ಹಾಗಿದ್ದರೂ ಅದನ್ನು ಸಂಸತ್ತು ಅನ್ನಬಹುದೇ? ಅನ್ನಬಹುದು. ಅನ್ನಲೇಬೇಕು ಅಂತ ನನ್ನ ಅಭಿಪ್ರಾಯ. 2006ರ ಫೆಬ್ರುವರಿಯಲ್ಲಿ ಆಗಿನ ಮಧ್ಯಂತರ ಸಂಸತ್ತು ತನ್ನ ನೆಲದಲ್ಲಿ ಮೊದಲ ಸಲ ಸೇರಿದ್ದು ಬೈದೋವಾ ಊರಿನ ಒಂದು ಧಾನ್ಯದ ಗೋದಾಮಿನಲ್ಲಿ. ರಾಜಧಾನಿ ಮೊಗದಿಶುವಿಗೆ ಹೋಗುವ ಹಾಗಿರಲಿಲ್ಲ. 2014ರ ಮೇ ತಿಂಗಳಲ್ಲಿ ಮೊಗದಿಶುವಿನ ಸಂಸತ್ ಭವನದ ಮೇಲೆಯೇ ಉಗ್ರರ ಸಂಘಟನೆ ಅಲ್-ಶಬಾಬ್ ದಾಳಿ ಮಾಡಿತು. 2022ರ ಮಾರ್ಚ್‌ನಲ್ಲಿ ಬೆಲೆದ್‌ವೇಯ್ನ್ ಊರಿನಲ್ಲಿ ಮತ್ತೆ ಆಯ್ಕೆಗೆ ಓಡಾಡುತ್ತಿದ್ದ ಸದಸ್ಯೆ ಅಮೀನಾ ಮೊಹಮದ್ ಅಬ್ದಿಯನ್ನು ಆತ್ಮಾಹುತಿ ಬಾಂಬ್ ದಾಳಿಯಲ್ಲಿ ಕೊಂದರು. ಇಂಥ ಕಡೆ ಹೋಗಿ ಕೂರುವವರನ್ನು ‘ನಕಲಿ’ ಅಂತ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಮನೆ ಸುಮ್ನೆ ಕೂತಿದ್ದೂ ಇಲ್ಲ. 2020ರ ಜುಲೈನಲ್ಲಿ ಹಾಜರಿದ್ದ 178ರಲ್ಲಿ 170 ಮತ ಹಾಕಿ ಪ್ರಧಾನಿ ಹಸನ್ ಅಲಿ ಖೈರೆಯನ್ನು ಇಳಿಸಿತು. ತಪ್ಪನ್ನೂ ಮಾಡಿತು. 2021ರ ಏಪ್ರಿಲ್ 12ರಂದು ಅಧ್ಯಕ್ಷರ ಅವಧಿಯನ್ನು, ತನ್ನ ಅವಧಿಯನ್ನೂ, ಎರಡು ವರ್ಷ ಎಳೆಯುವ ಮಸೂದೆ ಪಾಸು ಮಾಡಿತು. ಎರಡು ವಾರ ಕಳೆಯುವುದರಲ್ಲಿ ಮೊಗದಿಶು ಬೀದಿಗಳಲ್ಲಿ ಸೈನಿಕರೇ ಎರಡು ಪಾಲಾಗಿ ಗುಂಡು ಹಾರಿಸಿದರು. ಮೇ 1ರಂದು ಅದೇ ಮನೆ ಸೇರಿ ಆ ತೀರ್ಮಾನವನ್ನು ವಾಪಸ್ ತೆಗೆದುಕೊಂಡಿತು.

ಯಾರೂ ಗಮನಿಸದ ಇನ್ನೊಂದು ವಿಷಯ ಇದೆ. ಅಧ್ಯಕ್ಷರನ್ನು ಆರಿಸಿದ್ದೂ ಸಂಸತ್ತೇ. 2012, 2017, 2022, ಮೂರು ಸಲವೂ ಕುರ್ಚಿಯಲ್ಲಿದ್ದ ಅಧ್ಯಕ್ಷರು ಸೋತರು. ಮೂರು ಸಲವೂ ಸೋತವರು ಕುರ್ಚಿ ಬಿಟ್ಟುಕೊಟ್ಟರು. 2022ರ ಮೇ ತಿಂಗಳಲ್ಲಿ ಹಸನ್ ಶೇಖ್ ಮೊಹಮೂದ್‌ಗೆ 214 ಮತ, ಕುರ್ಚಿಯಲ್ಲಿದ್ದ ಫರ್ಮಾಜೊಗೆ 110. ಹಣ ಓಡಾಡಿಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಜನರೇ ನೇರವಾಗಿ ಮತ ಹಾಕುವ ಎಷ್ಟೋ ದೇಶಗಳಲ್ಲಿ ಈ ನೋಟ ಸಿಗುವುದಿಲ್ಲ.

‘ಒಬ್ಬರಿಗೆ ಒಂದು ಮತ ಕೊಟ್ಟರೆ ಎಲ್ಲ ಸರಿಹೋಗುತ್ತೆ’ ಅನ್ನುವವರು 1969ರ ಮಾರ್ಚ್ ಚುನಾವಣೆಯನ್ನು ನೋಡಲಿ. 123 ಸೀಟಿಗೆ 60ಕ್ಕೂ ಹೆಚ್ಚು ಪಕ್ಷಗಳು. ಹೆಚ್ಚಿನವು ಒಂದೊಂದು ಕುಲದ ಅಂಗಡಿಗಳು. ಗೆದ್ದವರು ಹಿಂಡುಹಿಂಡಾಗಿ ಆಡಳಿತ ಪಕ್ಷಕ್ಕೆ ಹಾರಿದರು. ಅಕ್ಟೋಬರ್ 15ರಂದು ಅಧ್ಯಕ್ಷ ಶೆರ್ಮಾರ್ಕೆ ಕೊಲೆಯಾದರು. 21ರಂದು ಸೇನೆ ಅಧಿಕಾರ ಹಿಡಿಯಿತು. ನೇರ ಮತದಾನ ಬೇಕು, ನಾನೂ ಬಯಸುತ್ತೇನೆ. ಆದರೆ ಎಲ್ಲರೂ ಒಪ್ಪಿದ ನಿಯಮ ಮೊದಲು ಬೇಕು. 2024ರ ಮಾರ್ಚ್ 30ರಂದು ಸಂಸತ್ತು ಸಂವಿಧಾನದ ಮೊದಲ ನಾಲ್ಕು ಅಧ್ಯಾಯಗಳನ್ನು ಬದಲಿಸಿ ನೇರ ಮತದಾನಕ್ಕೆ ದಾರಿ ಮಾಡಿತು. ಮಾರನೆಯ ದಿನವೇ ಪುಂಟ್‌ಲ್ಯಾಂಡ್ ರಾಜ್ಯ ‘ನಮ್ಮನ್ನು ಕೇಳದೆ ಮಾಡಿದ್ದೀರಿ’ ಅಂತ ಒಕ್ಕೂಟ ಸರ್ಕಾರವನ್ನೇ ಒಪ್ಪುವುದಿಲ್ಲ ಎಂದಿತು. ಹಾಗಾಗಿ ಯಾರಾದರೂ ಚುನಾವಣೆಯ ದಿನಾಂಕ ಹೇಳಿದರೆ, ರಾಜ್ಯಗಳು ಒಪ್ಪಿವೆಯೇ ಅಂತ ಮೊದಲು ಕೇಳಿ.

ಪ್ರಶ್ನೆ: ನೇಪಾಳದ ಕೆಳಮನೆಯಲ್ಲೂ 275 ಸೀಟು. ಏನಾದರೂ ನಂಟು ಇದೆಯೇ?

ಇಲ್ಲ. ಅಲ್ಲಿ 165 ನೇರ ಚುನಾವಣೆ, 110 ಪಕ್ಷಗಳ ಮತಪ್ರಮಾಣದ ಮೇಲೆ.

ಪ್ರಶ್ನೆ: ಉತ್ತರದ ಸೊಮಾಲಿಲ್ಯಾಂಡ್ ತಾನೇ ಬೇರೆ ದೇಶ ಅಂತ ಘೋಷಿಸಿಕೊಂಡಿದೆ ಅಂತೀರಿ. ಮತ್ತೆ ಸೊಮಾಲಿಯಾದ ಸಂಸತ್ತಿನಲ್ಲಿ ಅದರ ಸದಸ್ಯರು ಹೇಗೆ ಇದ್ದಾರೆ?

ಜನಸಭೆಯಲ್ಲಿ ಆ ಭಾಗದ ಕುಲಗಳ ಹೆಸರಲ್ಲಿ 46 ಸೀಟು ಇಟ್ಟಿದ್ದಾರೆ. ಅವರ ಆಯ್ಕೆ ನಡೆಯುವುದು ಮೊಗದಿಶುವಿನಲ್ಲಿ. ಅದರ ರಾಜಧಾನಿ ಹರ್ಗೇಸಾದಲ್ಲಿ ಸೊಮಾಲಿಲ್ಯಾಂಡ್‌ನ ಸಂಸತ್ತೇ ಬೇರೆ.

ಪ್ರಶ್ನೆ: ಆಫ್ರಿಕಾದವರಿಗೆ ಪ್ರಜಾಪ್ರಭುತ್ವ ಒಗ್ಗುವುದಿಲ್ಲ ಅನ್ನುವುದು ನಿಜವಲ್ಲವೇ?

ಸುಳ್ಳು. ಸೊಮಾಲಿಯಾದ ಮೊದಲ ಅಧ್ಯಕ್ಷ ಆದನ್ ಅಬ್ದುಲ್ಲೆ ಉಸ್ಮಾನ್ 1967ರಲ್ಲಿ ಸೋತು ಶಾಂತವಾಗಿ ಅಧಿಕಾರ ಬಿಟ್ಟುಕೊಟ್ಟರು. ಇಂಥ ಪ್ರಶ್ನೆ ಇನ್ನು ಕಳಿಸಬೇಡಿ.

ಪ್ರಶ್ನೆ: ಕೋಚಿಂಗ್ ನೋಟ್ಸ್‌ನಲ್ಲಿ ‘2012ರ ಸಾರ್ವತ್ರಿಕ ಚುನಾವಣೆ’ ಎಂದಿದೆ. ಪರೀಕ್ಷೆಯಲ್ಲಿ ಹಾಗೇ ಬರೆಯಲೇ?

ಬೇಡ. ‘135 ಹಿರಿಯರು ಆರಿಸಿದರು’ ಅಂತ ಬರೆಯಿರಿ. ಆ ನೋಟ್ಸ್ ಮಾರಿದವರಿಗೂ ತಿಳಿಸಿ.