ಬಯಲ ತುಂಬ ಬಿಳಿಯರು, ನಡುವೆ ನಾವು: ಬ್ರಿಟನ್ನಿನ ಸಂಗೀತೋತ್ಸವಕ್ಕೆ ಹೊರಟವರ ಪ್ರಶ್ನೆಗಳು

ಬೇಸಿಗೆಯ ಫೆಸ್ಟಿವಲ್‌ಗಳ ಕುರಿತು ಬಂದ ಪತ್ರಗಳಲ್ಲಿ ಐದಕ್ಕೆ ಇಲ್ಲಿ ಉತ್ತರವಿದೆ. ಕಾನೂನಿನ ವಿವರಗಳು ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಸಂಬಂಧಿಸಿದವು.

ಪ್ರಶ್ನೆ: ಲೀಡ್ಸ್‌ನಲ್ಲಿ ಓದುತ್ತಿದ್ದೇನೆ. ತರಗತಿಯವರು ಮೂರು ದಿನದ ಕ್ಯಾಂಪಿಂಗ್ ಫೆಸ್ಟಿವಲ್‌ಗೆ ಕರೆಯುತ್ತಿದ್ದಾರೆ. ಹೋಗಿಬಂದವರ ಫೋಟೊಗಳಲ್ಲಿ ನಮ್ಮಂಥ ಮುಖ ಒಂದೂ ಇಲ್ಲ. ಟಿಕೆಟ್ ಕೊಳ್ಳುವ ಮೊದಲೇ ಅಲ್ಲಿನ ಹವಾ ತಿಳಿಯಬಹುದೇ?

ಬಹುಮಟ್ಟಿಗೆ ತಿಳಿಯಬಹುದು. ಆಯೋಜಕರ ಪ್ರಚಾರದ ಫೋಟೊಗಳನ್ನು ಪಕ್ಕಕ್ಕಿಡಿ. ಅಲ್ಲಿ ಕಾಣುವ ಕಂದುಬಣ್ಣದ ಮುಖಗಳನ್ನು ಹುಡುಕಿ ತೆಗೆದಿರುತ್ತಾರೆ. ಹೋದ ವರ್ಷದ ಪ್ರೇಕ್ಷಕರೇ ಹಾಕಿರುವ ವಿಡಿಯೊ ನೋಡಿ. ಅದರಲ್ಲೂ ವೇದಿಕೆಯ ಮುಂದಿನದಲ್ಲ, ರಾತ್ರಿ ಹೊತ್ತಿನ ಟೆಂಟ್ ಬಯಲಿನದು.

ವೇದಿಕೆಯ ಮೇಲೆ ಯಾರಿದ್ದಾರೆ ಎಂಬುದರಿಂದ ಮಾತ್ರ ಅಂದಾಜು ಮಾಡಲು ಹೋಗಬೇಡಿ. ಬ್ರಿಟನ್ನಿನ ದೊಡ್ಡ ಉತ್ಸವವಾದ ಗ್ಲಾಸ್ಟನ್‌ಬರಿಯಲ್ಲಿ ಕಪ್ಪು ರ‍್ಯಾಪ್ ಗಾಯಕರಾದ ಜೇ-ಝೀ 2008ರಲ್ಲೂ ಸ್ಟಾರ್ಮ್‌ಝೀ 2019ರಲ್ಲೂ ಮುಖ್ಯ ವೇದಿಕೆಯ ಹೆಡ್‌ಲೈನರ್ (ಆ ದಿನದ ಪ್ರಧಾನ ಕಲಾವಿದ) ಆಗಿದ್ದರು. ಹಾಗಿದ್ದೂ 2022ರಲ್ಲಿ ಹಾಸ್ಯನಟ ಲೆನ್ನಿ ಹೆನ್ರಿ ಅಲ್ಲಿನ ಜನಸಂದಣಿಯಲ್ಲಿ ಕಪ್ಪು ಮುಖಗಳೇ ಕಾಣುವುದಿಲ್ಲವಲ್ಲ ಎಂದು ಬಹಿರಂಗವಾಗಿ ಹೇಳಿದರು. ಹಾಡುವವರ ಲೆಕ್ಕ ಬೇರೆ, ಕೇಳುವವರ ಲೆಕ್ಕ ಬೇರೆ.

ಆಮೇಲೆ ಆಯೋಜಕರಿಗೆ ಇಮೇಲ್ ಬರೆದು ಮೂರು ವಿಷಯ ಕೇಳಿ. ಜನಾಂಗೀಯ ನಿಂದನೆಯ ದೂರನ್ನು ಬಯಲಿನಲ್ಲೇ ತೆಗೆದುಕೊಳ್ಳುವವರು ಯಾರು, ಎಲ್ಲಿ ಕೂರುತ್ತಾರೆ? ನಿಂದಿಸಿದವರ ರಿಸ್ಟ್‌ಬ್ಯಾಂಡ್ (ಪ್ರವೇಶಕ್ಕೆಂದು ಮಣಿಕಟ್ಟಿಗೆ ಕಟ್ಟುವ ಪಟ್ಟಿ) ಕತ್ತರಿಸಿ ಹೊರಗೆ ಕಳಿಸುವ ಅಧಿಕಾರ ಯಾರಿಗಿದೆ? ಸ್ಟೀವರ್ಡ್‌ಗಳಿಗೆ (ಬಯಲಿನಲ್ಲಿ ಜನರನ್ನು ನಿಭಾಯಿಸುವವರಿಗೆ) ಈ ಬಗ್ಗೆ ತರಬೇತಿ ಕೊಟ್ಟಿದ್ದೀರಾ? ‘ಕಂಟ್ರೋಲ್ ರೂಮಿನ ನಂಬರ್ ಇದು, ವೆಲ್ಫೇರ್ (ನೆರವಿನ) ಟೆಂಟ್ 24 ಗಂಟೆ ತೆರೆದಿರುತ್ತದೆ’ ಎಂಬ ಧಾಟಿಯ ಉತ್ತರ ಬಂದರೆ ಕೆಲಸ ಗೊತ್ತಿರುವವರು ಎಂದು ತಿಳಿಯಿರಿ. ‘ನಮ್ಮಲ್ಲಿ ಎಲ್ಲರಿಗೂ ಸ್ವಾಗತ’ ಎಂದಷ್ಟೇ ಬಂದರೆ ಆ ಪ್ರಶ್ನೆಗಳನ್ನು ಅವರು ಮೊದಲ ಬಾರಿ ಕೇಳಿಸಿಕೊಳ್ಳುತ್ತಿದ್ದಾರೆ ಎಂದರ್ಥ.

ಅನುಮಾನ ಉಳಿದರೆ ಒಂದು ದಿನದ ಟಿಕೆಟ್ ತೆಗೆದುಕೊಳ್ಳಿ. ಮುಜುಗರದ ಪ್ರಸಂಗಗಳು ಹೆಚ್ಚಾಗುವುದು ಹಾಡು ಮುಗಿದು, ಕುಡಿತ ಏರಿದ ಮೇಲೆ, ಟೆಂಟ್‌ಗಳ ನಡುವೆ. ಕ್ಯಾಂಪಿಂಗ್ ಬೇಕೇ ಬೇಕೆಂದಾದರೆ ಕುಟುಂಬಗಳ ಅಥವಾ ‘ಕ್ವಯಟ್’ ವಿಭಾಗದಲ್ಲಿ ಜಾಗ ಹಿಡಿಯಿರಿ. ಟೆಂಟ್ ದೀಪವಿರುವ ದಾರಿಯ ಅಂಚಿಗಿರಲಿ, ಸ್ಟೀವರ್ಡ್ ಕೂರುವ ಸ್ಥಳ ಕಣ್ಣಿಗೆ ಬೀಳುವಂತಿರಲಿ. ಜನ ಬೆರೆತೇ ಇರುವ ಕಡೆ ಶುರುಮಾಡುವ ಮನಸ್ಸಿದ್ದರೆ, 1982ರಲ್ಲಿ ಆರಂಭವಾದ ವೊಮ್ಯಾಡ್ ಉತ್ಸವ ಲೋಕದ ಎಲ್ಲ ಕಡೆಯ ಸಂಗೀತವನ್ನು ಒಂದೆಡೆ ತರಲೆಂದೇ ಹುಟ್ಟಿದ್ದು. ಪಂಕ್ ರಾಕ್ ಇಷ್ಟವಿದ್ದರೆ ಲಂಡನ್ನಿನ ಡಿಕಾಲನೈಸ್ ಫೆಸ್ಟ್ ಇದೆ. ಬಿಳಿಯರಲ್ಲದ ಪಂಕ್ ಕಲಾವಿದರೇ 2017ರಿಂದ ಕಟ್ಟಿದ್ದು.

ಪ್ರಶ್ನೆ: ಗೇಟಿನಲ್ಲಿ ಗೆಳೆಯರನ್ನೆಲ್ಲ ಸಲೀಸಾಗಿ ಬಿಟ್ಟು ನನ್ನನ್ನು ಮಾತ್ರ ಪಕ್ಕಕ್ಕೆ ಕರೆದು ಬ್ಯಾಗ್ ಸುರಿಸಿದರು. ಬೇಡ ಎನ್ನಬಹುದಿತ್ತೇ?

ಕರೆದವರು ಯಾರು ಎಂಬುದರ ಮೇಲೆ ಅದು ನಿಂತಿದೆ.

ಖಾಸಗಿ ಸೆಕ್ಯುರಿಟಿಯವರಾದರೆ ನಿಮ್ಮ ಒಪ್ಪಿಗೆಯಿಲ್ಲದೆ ಮೈ ಮುಟ್ಟುವಂತಿಲ್ಲ. ಬೇಡ ಎನ್ನಬಹುದು, ಆದರೆ ತಪಾಸಣೆಗೆ ಒಪ್ಪುವುದು ಟಿಕೆಟ್ಟಿನ ಷರತ್ತಾಗಿರುವುದರಿಂದ ಒಳಗೆ ಬಿಡದಿರಬಹುದು. ಹಾಗಾಗಿ ನಿರಾಕರಿಸುವುದಕ್ಕಿಂತ ಶಾಂತವಾಗಿ ಒಂದು ಪ್ರಶ್ನೆ ಹಾಕುವುದು ಹೆಚ್ಚು ಫಲ ಕೊಡುತ್ತದೆ: ‘ಇದು ಎಷ್ಟನೆಯವರಿಗೊಬ್ಬರು ಎಂಬ ಲೆಕ್ಕದ ತಪಾಸಣೆಯೇ, ಅಥವಾ ನನ್ನನ್ನು ಆರಿಸಿದ್ದಕ್ಕೆ ಕಾರಣವಿದೆಯೇ?’ ಪ್ರತಿ ಹತ್ತನೆಯವರನ್ನು ನಿಲ್ಲಿಸುವಂಥ ನಿಯಮವಿದ್ದರೆ ಹೇಳುತ್ತಾರೆ. ನಿಯಮವಿಲ್ಲದೆ ಕಣ್ಣಂದಾಜಿನಲ್ಲಿ ಆರಿಸುವ ಗೇಟುಗಳಲ್ಲೇ ಬಣ್ಣ ನೋಡಿ ನಿಲ್ಲಿಸುವ ಚಾಳಿ ನುಸುಳುವುದು. ಅಲ್ಲಿ ಕೆಟ್ಟ ಉದ್ದೇಶ ಇರಲೇಬೇಕೆಂದಿಲ್ಲ, ಸಾಲು ಉದ್ದವಾಗಿ ಆತುರ ಹೆಚ್ಚಿದರೆ ಸಾಕು.

ಆ ಹೊತ್ತಿಗೆ ಕಣ್ಣು ಅವರ ಬ್ಯಾಡ್ಜಿನ ಮೇಲಿರಲಿ. ಎಸ್‌ಐಎ (ಖಾಸಗಿ ಸೆಕ್ಯುರಿಟಿಯವರಿಗೆ ಪರವಾನಗಿ ಕೊಡುವ ಸಂಸ್ಥೆ) ಪರವಾನಗಿ ಪಡೆದ ಕಾವಲುಗಾರರು ಫೋಟೊ ಇರುವ ಕಾರ್ಡನ್ನು ಎಲ್ಲರಿಗೂ ಕಾಣುವಂತೆ ಹೊರಬಟ್ಟೆಯ ಮೇಲೆ ಧರಿಸಿರಬೇಕು. ಅದರ ಮೇಲೆ 16 ಅಂಕಿಗಳ ಸಂಖ್ಯೆ ಇರುತ್ತದೆ. ಅದನ್ನು, ಗೇಟಿನ ಹೆಸರನ್ನು, ಸಮಯವನ್ನು ಫೋನಿನಲ್ಲಿ ಬರೆದುಕೊಳ್ಳಿ. ‘ಎತ್ತರದ, ಗಡ್ಡದ ಸೆಕ್ಯುರಿಟಿಯವನು’ ಎಂದು ಬರೆದ ದೂರು ಎಲ್ಲಿಗೂ ಮುಟ್ಟುವುದಿಲ್ಲ. ಮೈ ತಡವಿ ನೋಡುವುದಿದ್ದರೆ ನಿಮ್ಮದೇ ಲಿಂಗದವರು ಬರಲಿ ಎಂದು ಕೇಳಿ.

ಪೊಲೀಸರಾದರೆ ಕಥೆ ಬೇರೆ. ನಿಮ್ಮ ಬಳಿ ಡ್ರಗ್ಸ್, ಆಯುಧ ಮುಂತಾದ್ದು ಇದೆ ಎಂದು ಶಂಕಿಸಲು ಸಮಂಜಸ ಕಾರಣವಿದ್ದರೆ ಒಪ್ಪಿಗೆ ಬೇಕಿಲ್ಲ, ಆದರೆ ಮೈಬಣ್ಣವೇ ಆ ಕಾರಣವಾಗುವಂತಿಲ್ಲ. ತಮ್ಮ ಹೆಸರು, ಠಾಣೆ, ಏನು ಹುಡುಕುತ್ತಿದ್ದಾರೆ, ಯಾಕೆ, ಯಾವ ಕಾನೂನಿನಡಿ ಎಂಬುದನ್ನು ಅವರು ಹೇಳಬೇಕು. ನೀವು ಹೆಸರು, ವಿಳಾಸ ಕೊಡಬೇಕೆಂದಿಲ್ಲ. ಕೋಟು, ಕೈಗವಸಿಗಿಂತ ಹೆಚ್ಚಿನದನ್ನು ತೆಗೆಸುವುದಿದ್ದರೆ, ಪೇಟ ಅಥವಾ ತಲೆವಸ್ತ್ರ ಬಿಚ್ಚಿಸುವುದಿದ್ದರೆ, ಮರೆಯಲ್ಲೇ ಆಗಬೇಕು, ನಿಮ್ಮದೇ ಲಿಂಗದ ಅಧಿಕಾರಿಯಿಂದ ಆಗಬೇಕು. ತಪಾಸಣೆಯ ದಾಖಲೆಯ ಪ್ರತಿಯನ್ನು ಮೂರು ತಿಂಗಳೊಳಗೆ ಕೇಳಿ ಪಡೆಯಬಹುದು.

ಗುರುತಿನ ಚೀಟಿಗೆ ಅಸಲಿ ಪಾಸ್‌ಪೋರ್ಟ್ ಒಯ್ಯಿರಿ. ಭಾರತದ ಡ್ರೈವಿಂಗ್ ಲೈಸೆನ್ಸನ್ನೂ ಫೋನಿನಲ್ಲಿರುವ ಪಾಸ್‌ಪೋರ್ಟ್ ಫೋಟೊವನ್ನೂ ಬಾರಿನಲ್ಲಿ ವಯಸ್ಸಿನ ಪುರಾವೆಯಾಗಿ ಒಪ್ಪದಿರುವುದು ಮಾಮೂಲು. ಇದನ್ನು ತಾರತಮ್ಯದ ಖಾತೆಗೆ ಸೇರಿಸಿದರೆ ಅಸಲಿ ದೂರಿನ ತೂಕ ಕಡಿಮೆಯಾಗುತ್ತದೆ.

ಪ್ರಶ್ನೆ: ಬಿಳಿ ಹುಡುಗಿಯರು ಹೊಳೆಯುವ ಬಿಂದಿ ಅಂಟಿಸಿಕೊಂಡು ಬಂದು ‘ಸರಿಯಾಗಿದೆಯಾ?’ ಎಂದು ನನ್ನನ್ನೇ ಕೇಳುತ್ತಾರೆ. ನಗಬೇಕೋ ಸಿಟ್ಟಾಗಬೇಕೋ ತಿಳಿಯುವುದಿಲ್ಲ.

ಎರಡಕ್ಕೂ ಸ್ವಾತಂತ್ರ್ಯವಿದೆ, ತೀರ್ಪು ಕೊಡುವ ಹೊಣೆ ಮಾತ್ರ ನಿಮ್ಮದಲ್ಲ. ನಮ್ಮ ಕಣ್ಣಿಗೆ ಬಿಂದಿ ಜಗಳಕ್ಕೆ ಅರ್ಹವಾದ ವಿಷಯವಲ್ಲ. ಅದನ್ನಿಟ್ಟುಕೊಂಡ ನಮ್ಮವರನ್ನು ಬೀದಿಯಲ್ಲಿ ಹಂಗಿಸಿದ ದೇಶದಲ್ಲಿ ಅದೇ ಈಗ ಫ್ಯಾಷನ್ ಎಂಬುದು ಚುಚ್ಚುತ್ತದೆ, ನಿಜ. ಅಮೆರಿಕದ ಮೂಲನಿವಾಸಿಗಳ ಗರಿ ಕಿರೀಟದ ವಿಷಯ ಇದಕ್ಕಿಂತ ಗಂಭೀರ. ಅದು ಗೌರವವಾಗಿ ಗಳಿಸಿ ತೊಡುವಂಥದ್ದು. ಅದಕ್ಕಾಗಿಯೇ ಅನುಮತಿಯಿಲ್ಲದೆ ಮಳಿಗೆಗಳಲ್ಲಿ ಮಾರಬಾರದ ವಸ್ತುಗಳ ಪಟ್ಟಿಗೆ ಗ್ಲಾಸ್ಟನ್‌ಬರಿ ಅದನ್ನು 2014ರಲ್ಲಿ ಸೇರಿಸಿತು. ಕೇಳದೆ ನಿಮ್ಮ ಜಡೆ ಮುಟ್ಟಿದರೆ ಮಾತ್ರ ಮುಲಾಜು ಬೇಡ. ‘ಕೈ ತೆಗೆಯಿರಿ’ ಎಂದರೆ ಸಾಕು, ವಿವರಣೆ ಕೊಡಲು ಹೊರಟರೆ ಅದೇ ಚರ್ಚೆಯಾಗಿ ಹಾಡು ತಪ್ಪಿಹೋಗುತ್ತದೆ.

ಪ್ರಶ್ನೆ: ಫಸ್ಟ್ ಏಡ್ ಟೆಂಟಿನವರಿಗೆ ನಮ್ಮ ಬಣ್ಣದ ಚರ್ಮದಲ್ಲಿ ಬಿಸಿಲಿನ ಹೊಡೆತ ಗೊತ್ತಾಗುತ್ತದೆಯೇ?

ಒಳ್ಳೆಯ ಪ್ರಶ್ನೆ, ಕೇಳುವವರು ಕಡಿಮೆ. ಚರ್ಮ ಕೆಂಪಾಗುವುದು, ಬಿಳಿಚುವುದು ಕಂದು ಮೈಮೇಲೆ ಸುಲಭವಾಗಿ ಕಾಣುವುದಿಲ್ಲ. ಬಿಳಿಚಿಕೊಂಡಿದ್ದನ್ನು ಕೆಳರೆಪ್ಪೆಯ ಒಳಭಾಗ, ಒಸಡು, ಅಂಗೈಯಲ್ಲಿ ನೋಡಬೇಕು. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಕೂಡ ಗಾಢ ಚರ್ಮದಲ್ಲಿ ಆಮ್ಲಜನಕವನ್ನು ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಅದು ಬೆಳಕು ಹಾಯಿಸಿ ಅಳೆಯುವ ಸಾಧನ, ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಆ ಬೆಳಕನ್ನು ಹೀರುತ್ತದೆ. 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಾಧನಕ್ಕೆ ಗೊತ್ತಾಗದೆ ಹೋದ ಆಮ್ಲಜನಕದ ಕೊರತೆ ಬಿಳಿಯರಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚಿತ್ತು. ಆದ್ದರಿಂದ ‘ನಂಬರ್ ಚೆನ್ನಾಗಿದೆ’ ಎಂದರೂ ಉಸಿರು ಕಟ್ಟುತ್ತಿದ್ದರೆ ಅದನ್ನು ಒತ್ತಿ ಹೇಳಿ. ಬಳಲಿದವರನ್ನು ನೆರಳಿಗೆ ತಂದು, ನೀರು ಕುಡಿಸಿ, ಮೈ ಒದ್ದೆ ಮಾಡಿ ಗಾಳಿ ಹಾಕಿ. 30 ನಿಮಿಷದಲ್ಲಿ ಚೇತರಿಸದಿದ್ದರೆ, ಮಾತು ತೊದಲಿದರೆ, ತುರ್ತು ನೆರವು ಕರೆಯಿರಿ.

ಸನ್‌ಸ್ಕ್ರೀನ್ ನಮಗೂ ಬೇಕು: ಎಸ್‌ಪಿಎಫ್ 30 ಅಥವಾ ಹೆಚ್ಚು, ಇಡೀ ಮೈಗೆ 6ರಿಂದ 8 ಟೀ ಚಮಚ, ಎರಡು ಗಂಟೆಗೊಮ್ಮೆ. ಝಿಂಕ್ ಇರುವುದನ್ನು ಹಚ್ಚಿದರೆ ಬೂದಿ ಬಳಿದಂತೆ ಕಾಣುತ್ತದೆ, ಜೆಲ್ ರೂಪದ್ದು ಕೊಳ್ಳಿ.

ಪ್ರಶ್ನೆ: ಗುಂಪಿನಲ್ಲೊಬ್ಬ ಬಣ್ಣ ಹಿಡಿದು ಬೈದ. ಸ್ಟೀವರ್ಡ್‌ಗೆ ಹೇಳಿದರೆ ‘ಕುಡಿದಿದ್ದಾನೆ ಬಿಡಿ’ ಎಂದು ನಕ್ಕ. ಮುಂದೇನು?

ಸ್ಟೀವರ್ಡ್‌ಗಳಲ್ಲಿ ಅನೇಕರು ಪುಕ್ಕಟೆ ಟಿಕೆಟ್ಟಿಗಾಗಿ ಬಂದ ಸ್ವಯಂಸೇವಕರು. ಅವರೊಡನೆ ವಾದ ಬೇಡ. ‘ಹೇಟ್ ಕ್ರೈಮ್ (ದ್ವೇಷದ ಅಪರಾಧ) ವರದಿ ಮಾಡಬೇಕು, ಸೂಪರ್‌ವೈಸರ್‌ಗೆ ರೇಡಿಯೊ ಮಾಡಿ’ ಎನ್ನಿ. ಆ ಮಾತಿಗೆ ರೇಡಿಯೊ ಕೈಗೆ ಬರುತ್ತದೆ. ಬೈದವನನ್ನು ಹಿಂಬಾಲಿಸಬೇಡಿ, ಅವನ ಮುಖಕ್ಕೆ ಫೋನ್ ಹಿಡಿಯಬೇಡಿ. ಬಟ್ಟೆಯ ಬಣ್ಣ, ಹತ್ತಿರದ ಧ್ವನಿಗೋಪುರ (ಸ್ಪೀಕರ್ ಕಂಬ), ಆಗ ನಡೆಯುತ್ತಿದ್ದ ಹಾಡು ಬರೆದುಕೊಳ್ಳಿ. ಹಾಡಿನಿಂದ ನಿಮಿಷ ಸಿಗುತ್ತದೆ, ನಿಮಿಷದಿಂದ ಕ್ಯಾಮೆರಾ ದೃಶ್ಯ ಸಿಗುತ್ತದೆ.

ಪೊಲೀಸರನ್ನು ಕರೆಯಲು, ಅಪಾಯವಿದ್ದರೆ 999, ಇಲ್ಲದಿದ್ದರೆ 101. ಜನಾಂಗದ್ವೇಷದಿಂದ ಆದ ಅಪರಾಧವೆಂದು ನಿಮಗೋ ನೋಡಿದವರಿಗೋ ಅನ್ನಿಸಿದ್ದರೆ ಅವರು ಅದನ್ನು ಹಾಗೆಯೇ ದಾಖಲಿಸಬೇಕು. ಜನ ಕಿಕ್ಕಿರಿದು ವಾಟ್ಸಾಪ್ ಕೈಕೊಟ್ಟಾಗ ಸಾದಾ ಎಸ್‌ಎಂಎಸ್ ಹೋಗುತ್ತದೆ, ಗೆಳೆಯರನ್ನು ಹಾಗೆ ಕರೆಸಿಕೊಳ್ಳಿ.

ಮನೆಗೆ ಬಂದ ವಾರದೊಳಗೆ ಆಯೋಜಕರಿಗೆ ಲಿಖಿತ ದೂರು ಕೊಡಿ. ಕ್ಯಾಮೆರಾ ದೃಶ್ಯಗಳು ಸಾಮಾನ್ಯವಾಗಿ ಸುಮಾರು ಒಂದು ತಿಂಗಳಲ್ಲಿ ಅಳಿಸಿಹೋಗುವುದರಿಂದ, ಅದನ್ನು ಉಳಿಸಿಡಿ ಎಂದು ಮೊದಲ ಪತ್ರದಲ್ಲೇ ಬರೆಯಿರಿ. ಪ್ರೇಕ್ಷಕನೊಬ್ಬನ ಬೈಗುಳಕ್ಕೆ ಆಯೋಜಕರನ್ನು ಕೋರ್ಟಿಗೆ ಎಳೆಯುವುದು ಕಷ್ಟ. ಅವರದೇ ಸಿಬ್ಬಂದಿ ಬಣ್ಣ ನೋಡಿ ನಿಮ್ಮನ್ನು ಕೀಳಾಗಿ ನಡೆಸಿಕೊಂಡಿದ್ದರೆ ಸಮಾನತಾ ಕಾಯ್ದೆ 2010 ಅನ್ವಯಿಸುತ್ತದೆ. ಕೌಂಟಿ ಕೋರ್ಟಿಗೆ ಹೋಗಲು ಇರುವ ಅವಧಿ ಘಟನೆಯ ದಿನದಿಂದ ಆರು ತಿಂಗಳಿಗೆ ಒಂದು ದಿನ ಕಡಿಮೆ. ಆಯೋಜಕರ ಉತ್ತರಕ್ಕೆ ಕಾಯುತ್ತಿದ್ದೆ ಎಂದರೆ ಆ ಅವಧಿ ತಾನಾಗಿ ವಿಸ್ತರಿಸುವುದಿಲ್ಲ.